ಹೊಸ ಕೋವಿಯ ಬಿಗಿ

ಕಳೆದ ವರ್ಷ ಕೈಲ್‌ಪೊಳ್ದ್ ದಿನ, ಅಂದರೆ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬದ ದಿನ, ನಮ್ಮೂರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇತ್ತು. ನನ್ನ ಕೈಯಲ್ಲಿ ಹೊಸ ಕೋವಿ. ಪಾಯಿಂಟ್ ಟೂ ಟೂ ಸೆಮಿ ಆಟೋಮ್ಯಾಟಿಕ್ ರೈಫಲ್. ಮನೆಗೆ ಬಂದು ಮೂರು ವಾರ ಆಗಿತ್ತಷ್ಟೆ. ಮೊದಲ ಗುಂಡು ಹಾರಿತು, ಕಾಯಿ ಅಲ್ಲಾಡಲಿಲ್ಲ, ಅದು ನನ್ನ ಗುರಿಯ ತಪ್ಪು. ಎರಡನೇ ಸಲ ಕುದುರೆ (ಟ್ರಿಗರ್) ಎಳೆದರೆ ಸದ್ದೇ ಇಲ್ಲ. ನೋಡಿದರೆ ಖಾಲಿ ತೋಟಾ ಹೊರಗೆ ಹೋಗದೆ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್‌ನ ಬಾಯಿಗೆ ಸಿಕ್ಕಿಕೊಂಡು ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಂತಿದೆ. ಅದನ್ನು ಉಗುರಿನಲ್ಲಿ ಕಿತ್ತು ತೆಗೆದು ಮತ್ತೆ ಹೊಡೆದೆ. ಮತ್ತೆ ಅದೇ ಕಥೆ. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೆ ಆ ಮೌನ ಇನ್ನೂ ನೆನಪಿದೆ.

ಮನೆಗೆ ಬಂದವನೇ ಟೂಲ್ ಬಾಕ್ಸ್ ತೆಗೆದೆ. ಬೋಲ್ಟ್ ಎಳೆದರೆ ಮರಳಿನ ಮೇಲೆ ಕಬ್ಬಿಣ ಎಳೆದ ಹಾಗೆ ಕರಕರ ಅನ್ನುತ್ತಿತ್ತು. ಎಲ್ಲೋ ಉಜ್ಜುತ್ತಿದೆ, ಸ್ವಲ್ಪ ಅರ ಹಾಕಿ ನಯ ಮಾಡಿದರೆ ಸರಿಹೋಗುತ್ತದೆ ಅಂತ ನನ್ನ ಲೆಕ್ಕ. ಭಾವನದೂ ಅದೇ ಮಾತು. ಅವರು ಎಸ್ಟೇಟಿನ ಪಂಪು, ಸ್ಪ್ರೇಯರ್ ಎಲ್ಲ ತಾವೇ ಬಿಚ್ಚಿ ಜೋಡಿಸುವವರು, ಕೈ ಪಳಗಿದೆ. ಹಬ್ಬದ ಊಟಕ್ಕೆ ಬಂದಿದ್ದ ಮಾವ ವರಾಂಡದ ಕುರ್ಚಿಯಿಂದಲೇ ಕೂಗಿದರು: "ಅರ ಕೆಳಗಿಡು ಮೋನೇ. ಕೋವಿ ಮೊದಲು ನನಗೆ ಕೊಡು."

ಮಾವ ಸೈನ್ಯದಲ್ಲಿದ್ದವರು. ಸೇರಿದ್ದು 1970ರ ದಶಕದಲ್ಲಿ. ಆಗ ನಮ್ಮ ಸೈನ್ಯದ ಕೈಯಲ್ಲಿ ಇದ್ದದ್ದು 7.62ರ ಎಸ್ಎಲ್ಆರ್ (ಸೆಲ್ಫ್ ಲೋಡಿಂಗ್ ರೈಫಲ್), ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು. ಅದೂ ಸೆಮಿ ಆಟೋಮ್ಯಾಟಿಕ್ಕೇ. ಕತ್ತಲಲ್ಲಿ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಿದ ಕೈ ಅವರದು. ಅವರು ನನ್ನ ಕೋವಿಯ ಮ್ಯಾಗಜೀನ್ ತೆಗೆದರು. ಬೋಲ್ಟ್ ಹಿಂದಕ್ಕೆ ಎಳೆದು, ತೋಟಾ ಕೂರುವ ಚೇಂಬರ್‌ಗೆ ಕಣ್ಣಿಟ್ಟು ನೋಡಿದರು. ಆಮೇಲೆ ಕಿರುಬೆರಳಿನ ತುದಿ ಇಟ್ಟು ಮುಟ್ಟಿಯೂ ನೋಡಿದರು. ತೋಟಾದ ಡಬ್ಬಿಯನ್ನು ಒಳಗಿನ ಕೋಣೆಗೆ ಕಳಿಸಿದರು. ಇಷ್ಟೂ ಆದ ಮೇಲೆಯೇ ಕೋವಿ ಅವರ ಮಡಿಲಿಗೆ ಬಂದದ್ದು. ಆವತ್ತಿನಿಂದ ನಾನೂ ಅದೇ ಕ್ರಮದಲ್ಲಿ ಮಾಡುತ್ತೇನೆ, ಒಂದು ಹೆಜ್ಜೆಯೂ ಬಿಡುವುದಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಕೊಡಗಿನಲ್ಲಿ ಕೋವಿ ಹೊಸದೇನಲ್ಲ. 1861ರಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ನಮಗೆ ಸಿಕ್ಕ, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇವತ್ತಿಗೂ ನಡೆದುಕೊಂಡು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಮಗು ಹುಟ್ಟಿದರೆ ಗುಂಡು, ಸಾವಾದರೆ ಗುಂಡು, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು. ಆದರೆ ನಮ್ಮ ಮನೆಗಳಲ್ಲಿ ಇರುವುದು ಹೆಚ್ಚಾಗಿ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳು. ಅದಕ್ಕೂ ಹಿಂದೆ ಕೇಪಿನ ಕೋವಿ. ಇವಕ್ಕೆ ಬೇಕಾದ ಆರೈಕೆ ನಮಗೆ ಚಿಕ್ಕಂದಿನಿಂದಲೇ ಗೊತ್ತು. ಮುರಿದು ತೆರೆ, ನಳಿಗೆ ಒರೆಸು, ಮೇಲೆ ಎಣ್ಣೆ ಹಚ್ಚು, ಮುಗಿಯಿತು. ತಾನೇ ಖಾಲಿ ತೋಟಾ ಹೊರಗೆಸೆದು, ತಾನೇ ಹೊಸದನ್ನು ಒಳಗೆ ಎಳೆದುಕೊಳ್ಳುವ ಕೋವಿಯ ಸ್ವಭಾವವೇ ಬೇರೆ. ಆ ವ್ಯತ್ಯಾಸ ತಿಳಿಯದೆ ನಾನು ಹಳೆಯ ಕೋವಿಯ ಆರೈಕೆಯನ್ನೇ ಇದಕ್ಕೂ ಮಾಡಿದ್ದೆ. ಅದು ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾದದ್ದು ಚಳಿಗಾಲದಲ್ಲಿ.

ಮೊದಲು ಒಳಗೆ ಏನಾಗುತ್ತದೆ ಅಂತ ನೋಡೋಣ. ಪಾಯಿಂಟ್ ಟೂ ಟೂ ಸೆಮಿ ಆಟೋಮ್ಯಾಟಿಕ್ ಕೋವಿಗಳಲ್ಲಿ ಸಾಮಾನ್ಯವಾಗಿ ಬೋಲ್ಟ್‌ಗೆ ಬೀಗ ಇರುವುದಿಲ್ಲ. ಬೋಲ್ಟ್‌ನ ತೂಕ, ಹಿಂದಿರುವ ಸ್ಪ್ರಿಂಗಿನ ಒತ್ತಡ, ಇವೆರಡೇ ಅದನ್ನು ಮುಚ್ಚಿ ಹಿಡಿದಿರುತ್ತವೆ. ಗುಂಡನ್ನು ಮುಂದಕ್ಕೆ ತಳ್ಳುವ ಹೊಗೆಯ ಒತ್ತಡವೇ ಖಾಲಿ ತೋಟಾವನ್ನು ಹಿಂದಕ್ಕೆ ನೂಕುತ್ತದೆ, ತೋಟಾ ಬೋಲ್ಟನ್ನು ನೂಕುತ್ತದೆ. ಬೋಲ್ಟ್ ಹಿಂದೆ ಹೋಗುವಾಗ ಕೊಕ್ಕೆ ತೋಟಾವನ್ನು ಎಳೆದು ತರುತ್ತದೆ, ಎಜೆಕ್ಟರ್ ಅದಕ್ಕೆ ಒಂದು ಏಟು ಕೊಟ್ಟು ಪಕ್ಕಕ್ಕೆ ಹಾರಿಸುತ್ತದೆ, ಅಷ್ಟರಲ್ಲಿ ಪಿನ್ನಿಗೆ ಬಡಿಯುವ ಒಳಗಿನ ಹ್ಯಾಮರ್ ಮಡಚಿಕೊಂಡಿರುತ್ತದೆ. ಆಮೇಲೆ ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ತಳ್ಳುತ್ತದೆ, ಅದು ಮ್ಯಾಗಜೀನ್‌ನಿಂದ ಹೊಸ ತೋಟಾ ತಳ್ಳಿಕೊಂಡು ಚೇಂಬರ್‌ಗೆ ಕೂರಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಆಗಿಹೋಗುತ್ತದೆ.

ಇಷ್ಟು ಕೆಲಸಕ್ಕೆ ಇರುವ ಬಲ ಎಷ್ಟು? ಸಾಮಾನ್ಯವಾಗಿ ಬಳಸುವ 40 ಗ್ರೇನಿನ ಗುಂಡಿನ ತೂಕ ಸುಮಾರು 2.6 ಗ್ರಾಂ. ಅಷ್ಟು ಸಣ್ಣ ಗುಂಡಿನ ಒದೆತದಲ್ಲೇ ಬೋಲ್ಟ್ ಹಿಂದೆ ಹೋಗಬೇಕು, ಸ್ಪ್ರಿಂಗ್ ಅಮುಕಬೇಕು, ಹ್ಯಾಮರ್ ಮಡಚಬೇಕು, ತೋಟಾ ಎಸೆಯಬೇಕು. ದಾರಿಯಲ್ಲಿ ಒಂದು ಕಡೆ ಉಜ್ಜಿದರೂ ಸಾಕು, ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ. ಅರ್ಧ ದಾರಿಗೆ ವಾಪಸ್ ಬರುತ್ತದೆ. ಆಗಲೇ ಖಾಲಿ ತೋಟಾ ಬಾಗಿಲಲ್ಲಿ ಸಿಕ್ಕಿ ನಿಲ್ಲುವುದು. ಮೈದಾನದಲ್ಲಿ ನನಗೆ ಆದದ್ದು ಇದೇ.

ಮಾವ ಬೋಲ್ಟ್ ಹೊರಗೆ ತೆಗೆದು ಬೆಳಕಿಗೆ ಹಿಡಿದರು. ಸಂದಿಯಲ್ಲೆಲ್ಲ ಕಂದು ಬಣ್ಣದ ಅಂಟು. ಕಾರ್ಖಾನೆಯಿಂದ ಹೊರಡುವಾಗ ತುಕ್ಕು ಹಿಡಿಯಬಾರದು ಅಂತ ಹಚ್ಚಿದ ಗ್ರೀಸು. ಅದು ಓಡಾಟಕ್ಕೆ ಹಚ್ಚಿದ್ದಲ್ಲ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುವುದಕ್ಕೆ ಹಚ್ಚಿದ್ದು. ನಾನು ಅದನ್ನು ತೆಗೆದೇ ಇರಲಿಲ್ಲ. ಹೊಸದಲ್ವಾ, ಎಲ್ಲ ಸರಿಯಾಗಿಯೇ ಇರುತ್ತದೆ ಅಂದುಕೊಂಡಿದ್ದೆ. ಅದರ ಮೇಲೆ ಕೈಲ್‌ಪೊಳ್ದ್ ಪೂಜೆಗೆ ಇಡುವ ಮುಂಚೆ ಮನೆಯ ರೂಢಿಯಂತೆ ತೆಂಗಿನೆಣ್ಣೆ ಬೇರೆ ಸವರಿದ್ದೆ, ಒಳಗೂ ಹೊರಗೂ, ಧಾರಾಳವಾಗಿ. ಆದರೆ ಆವತ್ತು ಮಾವನಿಗೆ ಕಂಡದ್ದು ಗ್ರೀಸು ಮಾತ್ರ. ತೆಂಗಿನೆಣ್ಣೆಯ ಮಾತು ನಾನು ಎತ್ತಲಿಲ್ಲ, ಅದು ಹೇಳುವಂಥ ವಿಷಯ ಅಂತಲೇ ನನಗೆ ಅನ್ನಿಸಿರಲಿಲ್ಲ.

ಸೀಮೆಎಣ್ಣೆಯಲ್ಲಿ ತೊಳೆದೆವು. ಹಳೆಯ ಹಲ್ಲುಜ್ಜುವ ಬ್ರಷ್ಷು, ಹಳೆಯ ಪಂಚೆಯ ತುಂಡು, ಗಾಳಿ ಆಡುವ ವರಾಂಡ. ಒಲೆಯ ಹತ್ತಿರ ಈ ಕೆಲಸ ಬೇಡವೇ ಬೇಡ, ಪೆಟ್ರೋಲಂತೂ ಮುಟ್ಟಲೇಬಾರದು. ಚಿಂದಿ ಕಪ್ಪಾಗುವುದು ನಿಲ್ಲುವವರೆಗೆ ಒರೆಸಿದೆವು. ಚಿಂದಿ ಅನ್ನುವುದು ಮಾವನ ಸೈನ್ಯದ ಮಾತು, ನಳಿಗೆ ಒರೆಸುವ 4 ಇಂಚು ಉದ್ದ 2 ಇಂಚು ಅಗಲದ ಬಟ್ಟೆ. ಅದನ್ನು ಹಗ್ಗದ ಪುಲ್‌ಥ್ರೂಗೆ ಸಿಕ್ಕಿಸಿ ಚೇಂಬರ್ ಕಡೆಯಿಂದ ಬಿಟ್ಟು ಬಾಯಿಯ ಕಡೆಯಿಂದ ಎಳೆಯಬೇಕು. ನನ್ನ ಕೋವಿಯಂಥದ್ದಕ್ಕೆ ಹಿಂದಿನಿಂದ ಕಡ್ಡಿ ತೂರಿಸಲು ದಾರಿ ಇಲ್ಲ. ಮುಂದಿನಿಂದ ಕಬ್ಬಿಣದ ಕಡ್ಡಿ ಹಾಕಿದರೆ ನಳಿಗೆಯ ಬಾಯಿಯ ಅಂಚು ಸವೆದು ಗುರಿ ಕೆಡುತ್ತದೆ. ಹಗ್ಗವಾದರೆ ಆ ಭಯ ಇಲ್ಲ. ಸೀಮೆಎಣ್ಣೆ ಲೋಹದ ಮೇಲಿನ ಜಿಡ್ಡನ್ನೆಲ್ಲ ತೆಗೆದುಬಿಡುತ್ತದೆ, ಹಾಗಾಗಿ ತೊಳೆದ ತಕ್ಷಣ ಎಣ್ಣೆ ಸವರಲೇಬೇಕು. ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಬೆಳಿಗ್ಗೆ ಏಳುವಷ್ಟರಲ್ಲಿ ತುಕ್ಕಿನ ಕೆಂಪು ಚುಕ್ಕೆ ಎದ್ದಿರುತ್ತದೆ.

ಆಮೇಲೆ ಮಾವ ಅವ್ವನ ಹತ್ತಿರ ಮಕ್ಕಳು ಬರೆಯುವ ದಪ್ಪ ಕಪ್ಪು ಮಾರ್ಕರ್ ಕೇಳಿದರು. ನನಗೆ ಏನೂ ಅರ್ಥವಾಗಲಿಲ್ಲ. ಬೋಲ್ಟ್‌ನ ಎಲ್ಲ ಮುಖಕ್ಕೂ ಮಾರ್ಕರ್ ಬಳಿದರು. ಒಣಗಿದ ಮೇಲೆ ಕೋವಿ ಜೋಡಿಸಿ ನನ್ನ ಕೈಯಲ್ಲಿ ಇಪ್ಪತ್ತು ಸಲ ಬೋಲ್ಟ್ ಎಳೆಸಿದರು. ಬಿಚ್ಚಿ ನೋಡಿದರೆ ಎರಡೇ ಕಡೆ ಕಪ್ಪು ಹೋಗಿ ಕಬ್ಬಿಣ ಮಿನುಗುತ್ತಿದೆ. ಕೆಳಗಿನ ಎಡ ಅಂಚಿನಲ್ಲಿ ಒಂದು ಗೆರೆ, ಮೇಲೆ ಹಿಂಭಾಗದಲ್ಲಿ ಕಡಲೆಬೇಳೆ ಗಾತ್ರದ ಒಂದು ಗುರುತು. ಉಳಿದದ್ದೆಲ್ಲ ಕಪ್ಪಾಗಿಯೇ ಇದೆ. ನಾನು ಅರ ಹಾಕಲು ಹೊರಟಿದ್ದದ್ದು ಬಲ ಪಕ್ಕಕ್ಕೆ. ಅಲ್ಲಿ ಏನೂ ಉಜ್ಜುತ್ತಲೇ ಇರಲಿಲ್ಲ! ಆ ಕ್ಷಣ ನನಗೆ ನಿಜಕ್ಕೂ ಮೈ ಜುಂ ಅಂದಿತು.

ಉಜ್ಜುವ ಜಾಗ ಗೊತ್ತಾಯಿತಲ್ಲ, ಈಗಲಾದರೂ ಸ್ವಲ್ಪ ಎಮರಿ ಪೇಪರ್ ಹಾಕೋಣವಾ ಅಂತ ಭಾವ ಕೇಳಿದರು. ಮಾವ ಬೇಡ ಅಂದರು. ಯಂತ್ರದಲ್ಲಿ ಕಡಿದ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಗೆರೆಗಳಿರುತ್ತವೆ, ಅವು ಒಂದಕ್ಕೊಂದು ತಾಗಿ ತಾಗಿ ತಾವೇ ಕೂತುಕೊಳ್ಳುತ್ತವೆ, ಹೊಸ ಚಪ್ಪಲಿ ಕಾಲಿಗೆ ಹೊಂದುವ ಹಾಗೆ. ಅರ ಹಾಕಿದರೆ ಬೇಕಾದಷ್ಟೇ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ, ಹೋದದ್ದನ್ನು ವಾಪಸ್ ಅಂಟಿಸಲು ಬರುವುದಿಲ್ಲ. ಬೋಲ್ಟ್ ಹಗುರಾದರೂ ಕಷ್ಟ, ಮೇಲ್ಮೈಯ ಗಟ್ಟಿ ಪದರ ಹೋದರೆ ಬೇಗ ಸವೆಯುತ್ತದೆ. ಕುದುರೆಯ ಒಳಗಿನ ಭಾಗಗಳ ಬಗ್ಗೆ ಅವರ ಮಾತು ಇನ್ನೂ ಗಡುಸಾಗಿತ್ತು. ಅಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಹ್ಯಾಮರನ್ನು ತಡೆದು ನಿಲ್ಲಿಸುವ ಅಂಚು ಉಗುರಿನ ಅಂಚಿನಷ್ಟು ಸಣ್ಣದು. ಅದು ಕೆಟ್ಟರೆ ಬೆರಳು ಮುಟ್ಟದೆಯೂ ಗುಂಡು ಹಾರಬಹುದು. ಅದನ್ನು ಲೈಸೆನ್ಸ್ ಇರುವ ಕೋವಿ ರಿಪೇರಿಯವರು ಮಾತ್ರ ಮುಟ್ಟಬೇಕು. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಯಾಕೆಂದರೆ ನನ್ನ ಕೈಯಲ್ಲಿ ಆವತ್ತು ಅರ ಇತ್ತು.

ಹಾಗಾದರೆ ಮಾಡಬೇಕಾದದ್ದು ಏನು? ಎಳೆಯುವುದು, ಬಿಡುವುದು. ಅಷ್ಟೇ. ದಿನಾ ರಾತ್ರಿ ಊಟ ಆದ ಮೇಲೆ ಐವತ್ತು ಸಲ. ಚೇಂಬರ್ ಖಾಲಿ, ಮ್ಯಾಗಜೀನ್ ಹೊರಗೆ, ಬಾಯಿ ಗೋಡೆಯ ಆಚೆಗಿನ ಮಣ್ಣಿನ ಬರೆಯ ಕಡೆಗೆ. ಪೂರ್ತಿ ಹಿಂದೆ ಎಳೆದು ಪೂರ್ತಿ ಬಿಡಬೇಕು, ಕೈಯಲ್ಲಿ ತಡೆದು ಮೆಲ್ಲಗೆ ಬಿಡುವುದಲ್ಲ. ಕುದುರೆ ಮುಟ್ಟಬೇಕಾಗಿಲ್ಲ. ಪಾಯಿಂಟ್ ಟೂ ಟೂ ತೋಟಾಕ್ಕೆ ಪಿನ್ ಹೊಡೆಯುವುದು ನಡುವೆ ಅಲ್ಲ, ಅಂಚಿಗೆ. ಒಳಗೆ ತೋಟಾ ಇಲ್ಲದೆ ಸುಮ್ನೆ ಕುದುರೆ ಎಳೆಯುತ್ತಾ ಇದ್ದರೆ ಕೆಲವು ಕೋವಿಗಳಲ್ಲಿ ಪಿನ್ ಹೋಗಿ ಚೇಂಬರಿನ ಅಂಚಿಗೇ ಬಡಿದು ಅಲ್ಲಿ ಕಚ್ಚು ಬೀಳುತ್ತದೆ. ತೊಂದರೆ ಆಗದ ಕೋವಿಗಳೂ ಇವೆ, ಕೋವಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಅವ್ವನಿಗೆ ಮೊದಲ ವಾರ ಆ ಟಕ್ ಟಕ್ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಅವರೇ ಒಳಗಿನಿಂದ, "ಇವತ್ತು ಸದ್ದು ಬೇರೆ ಥರ ಇದೆ" ಅನ್ನಲು ಶುರು ಮಾಡಿದರು. ನಿಜಕ್ಕೂ ಬೇರೆ ಇತ್ತು. ಕರಕರ ಹೋಗಿ ಸರ್ ಅಂತ ಜಾರುವ ಸದ್ದು ಬಂದಿತ್ತು.

ಅಕ್ಟೋಬರಿನಲ್ಲಿ ಮಳೆ ಬಿಟ್ಟ ಒಂದು ಮಧ್ಯಾಹ್ನ ಅಭ್ಯಾಸಕ್ಕೆ ಹೋದೆ. ಹಿಂದೆ ಎತ್ತರದ ಬರೆ ಇರುವ ಜಾಗ, ಗುಂಡು ಮಣ್ಣಿನಲ್ಲೇ ನಿಲ್ಲುತ್ತದೆ. ಐವತ್ತು ಗುಂಡಿನಲ್ಲಿ ಆರು ಸಲ ಸಿಕ್ಕಿಕೊಂಡಿತು. ಮೊದಲಿಗಿಂತ ವಾಸಿ, ಆದರೆ ಸಾಲದು. ಮಾವನಿಗೆ ಫೋನ್ ಮಾಡಿದೆ. ಯಾವ ತೋಟಾ ಅಂತ ಕೇಳಿದರು. ಪಂದ್ಯಕ್ಕೆ ಬಳಸುವ ನಿಧಾನದ ತೋಟಾ, ಅಂದೆ. ಅದರ ವೇಗ ಸೆಕೆಂಡಿಗೆ ಸುಮಾರು 325 ಮೀಟರ್. ಶಬ್ದದ ವೇಗ ಸುಮಾರು 340. ಅದನ್ನು ದಾಟದೆ ಹೋಗುವ ಗುಂಡು ದಾರಿಯಲ್ಲಿ ಅಲುಗಾಡುವುದು ಕಡಿಮೆ, ಗುರಿಗೆ ಒಳ್ಳೆಯದು, ಅದಕ್ಕೇ ಪಂದ್ಯದವರು ಅದನ್ನು ಇಷ್ಟಪಡುವುದು. ಹೈ ವೆಲಾಸಿಟಿ ತೋಟಾದ್ದು 380ರ ಹತ್ತಿರ ಇರುತ್ತದೆ. ಲೆಕ್ಕ ಹಾಕಿದರೆ ಗುಂಡಿನ ಶಕ್ತಿ 137 ಜೂಲ್‌ನಿಂದ 187ಕ್ಕೆ ಏರುತ್ತದೆ. ಹೊಸ ಸ್ಪ್ರಿಂಗ್ ಗಟ್ಟಿ ಇರುವಾಗ ಆ ವ್ಯತ್ಯಾಸ ಸಣ್ಣದಲ್ಲ.

ಮಾವ ಆಗ ಎಸ್ಎಲ್ಆರ್ ಕಥೆ ಹೇಳಿದರು. ಅದು ನಳಿಗೆಯ ಹೊಗೆಯನ್ನೇ ಸ್ವಲ್ಪ ಕದ್ದು ಒಂದು ಪಿಸ್ಟನ್ ತಳ್ಳಿ ಓಡುವ ಕೋವಿ. ಎಷ್ಟು ಹೊಗೆ ಪಿಸ್ಟನ್ನಿಗೆ ಹೋಗಬೇಕು, ಎಷ್ಟು ಹೊರಗೆ ಹೋಗಬೇಕು ಅನ್ನುವುದಕ್ಕೆ ಒಂದು ರೆಗ್ಯುಲೇಟರ್ ಇರುತ್ತಿತ್ತು. ಕಡಿಮೆಯಾದರೆ ತೋಟಾ ಸಿಕ್ಕಿಕೊಳ್ಳುತ್ತದೆ, ಜಾಸ್ತಿಯಾದರೆ ಕೋವಿಯ ಒಳಗೆಲ್ಲ ಸುತ್ತಿಗೆ ಪೆಟ್ಟು ಬಿದ್ದ ಹಾಗೆ. ಒಂದೊಂದೇ ಗುಂಡು ಹಾಕಿ ಹೊಡೆದು, ಒಂದೊಂದೇ ಹಲ್ಲು ತಿರುಗಿಸಿ, ಕೋವಿಗೆ ಬೇಕಾದಷ್ಟೇ ಕೊಡುತ್ತಿದ್ದರಂತೆ. "ನಿನ್ನ ಕೋವಿಗೆ ರೆಗ್ಯುಲೇಟರ್ ಇಲ್ಲ. ತೋಟಾವೇ ಅದರ ರೆಗ್ಯುಲೇಟರ್" ಅಂದರು. ಮುಂದಿನ ಮುನ್ನೂರು ಗುಂಡು ವೇಗದ್ದೇ ಹೊಡೆ, ಸ್ಪ್ರಿಂಗ್ ಹದಕ್ಕೆ ಬಂದ ಮೇಲೆ ನಿಧಾನದ್ದಕ್ಕೆ ಬಾ ಅಂತ ಸಲಹೆ. ತೋಟಾ ಅಗ್ಗವಲ್ಲ, ಲೆಕ್ಕಕ್ಕಿಂತ ಜಾಸ್ತಿ ಸಿಗುವುದೂ ಇಲ್ಲ. ಹಾಗಾಗಿ ಮುನ್ನೂರು ಮುಗಿಸಲು ನನಗೆ ತಿಂಗಳುಗಳೇ ಬೇಕಾದವು.

ನವೆಂಬರಿನಲ್ಲಿ ಐವತ್ತಕ್ಕೆ ಒಂದು. ನನಗೆ ಖುಷಿ. ನೋಟ್‌ಬುಕ್ಕಿನಲ್ಲಿ ದಿನಾಂಕ, ತೋಟಾ, ಎಷ್ಟು ಸಲ ಸಿಕ್ಕಿತು ಎಲ್ಲ ಬರೆದಿಡುತ್ತಿದ್ದೆ. ಇನ್ನೇನು ಮುಗಿಯಿತು ಅನ್ನುವಾಗ ಡಿಸೆಂಬರಿನ ಒಂದು ಬೆಳಿಗ್ಗೆ ಎಲ್ಲ ತಲೆಕೆಳಗಾಯಿತು.

ಪುತ್ತರಿಗೆ ಮೂರು ದಿನ ಇತ್ತು. ಬೆಳಿಗ್ಗೆ ಏಳು ಗಂಟೆ, ಗದ್ದೆಯ ಮೇಲೆಲ್ಲ ಮಂಜು, ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಮೊದಲ ಹತ್ತರಲ್ಲಿ ನಾಲ್ಕು ಸಲ ಸಿಕ್ಕಿಕೊಂಡಿತು. ಬೋಲ್ಟ್ ಕೈಯಲ್ಲಿ ಎಳೆದರೆ ಜೇನಿನೊಳಗೆ ಚಮಚ ಆಡಿಸಿದ ಹಾಗೆ. ಬಿಚ್ಚಿದೆ. ಬೋಲ್ಟ್ ಜಾರುವ ರೈಲಿನ ಉದ್ದಕ್ಕೂ, ಸ್ಪ್ರಿಂಗಿನ ಸುರುಳಿಗಳ ನಡುವೆ, ಬಿಳಿ ಬಿಳಿ. ಮೇಣದ ಹಾಗೆ. ಬೆರಳಿಗೆ ತೆಗೆದು ಉಜ್ಜಿದರೆ ಕರಗಿ ನೀರಾಯಿತು, ಮೂಗಿಗೆ ಹಿಡಿದರೆ ಅಡುಗೆಮನೆಯ ವಾಸನೆ.

ತೆಂಗಿನೆಣ್ಣೆ. ಪುತ್ತರಿ ಬಂತಲ್ಲ ಅಂತ ಹಿಂದಿನ ಸಂಜೆ ಮನೆಯ ಕೋವಿಗಳಿಗೆಲ್ಲ ಎಣ್ಣೆ ಹಾಕಿದ್ದೆ. ಅದೇ ಕೈಯಲ್ಲಿ ಇದಕ್ಕೂ ಹಾಕಿದ್ದೆ. ಅಜ್ಜನ ಕಾಲದಿಂದ ಹಾಗೆಯೇ ಮಾಡಿದ್ದು, ಕೈ ತಾನಾಗಿ ಬಟ್ಟಲಿಗೆ ಹೋಗಿತ್ತು. ತೆಂಗಿನೆಣ್ಣೆ 24 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ. ಮಂಗಳೂರಿನಲ್ಲಿ ಅದು ವರ್ಷದ ಬಹುಪಾಲು ನೀರಾಗಿಯೇ ಇರುತ್ತದೆ, ನಮ್ಮಲ್ಲಿ ಚಳಿಗಾಲದ ಬೆಳಿಗ್ಗೆ ಸೀಸೆಯಿಂದ ತೆಗೆಯಲು ಚಮಚ ಬೇಕು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು, ತಲೆಗೆ ಹಚ್ಚುವಾಗ ಒಲೆಯ ಹತ್ತಿರ ಇಟ್ಟು ಕರಗಿಸಿದವನೇ ನಾನು. ಕೋವಿಯ ಒಳಗೂ ಅದು ಅದೇ ಎಣ್ಣೆ ಅಂತ ಮಾತ್ರ ಹೊಳೆದಿರಲಿಲ್ಲ. ಒಂಟಿ ನಳಿಗೆಯ ಕೋವಿಯಲ್ಲಿ ಹೆಪ್ಪುಗಟ್ಟಿದರೂ ತೊಂದರೆ ಕಾಣಿಸುವುದಿಲ್ಲ, ಅದನ್ನು ತೆರೆಯುವುದು ಮುಚ್ಚುವುದು ನಮ್ಮ ಕೈ. ಇಲ್ಲಿ ಆ ಕೆಲಸ ಮಾಡುವುದು 2.6 ಗ್ರಾಂ ಗುಂಡಿನ ಒದೆತ. ಮೊದಲ ಪಂದ್ಯದ ದಿನವೂ, ಮಳೆಯ ತಂಪಿನಲ್ಲಿ, ಗ್ರೀಸಿನ ಜೊತೆ ಇದೂ ಸೇರಿತ್ತು ಅಂತ ಆಗ ಅರ್ಥವಾಯಿತು.

ಆವತ್ತೇ ಪೂರ್ತಿ ತೊಳೆದು ಹೊಲಿಗೆ ಮೆಷಿನ್ ಎಣ್ಣೆ ಹಾಕಿದೆ. ತೆಳು, ಚಳಿಗೆ ಗಟ್ಟಿಯಾಗುವುದಿಲ್ಲ, ಮಡಿಕೇರಿಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಕೋವಿಗೆಂದೇ ಬರುವ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ಎಷ್ಟು ಅನ್ನುವುದೂ ಮುಖ್ಯ. ಮಾರ್ಕರ್ ಅಳಿಸಿಹೋದ ಆ ಎರಡು ಜಾಗಕ್ಕೆ ಒಂದೊಂದು ಹನಿ, ರೈಲಿನ ಮೇಲೆ ಬೆರಳಿನಲ್ಲಿ ಸವರಿದಷ್ಟು, ಸ್ಪ್ರಿಂಗಿನ ಕಡ್ಡಿಗೆ ಚಿಂದಿಯಲ್ಲಿ ಒರೆಸಿದಷ್ಟು. ಚೇಂಬರ್ ಒಣಗಿರಬೇಕು. ಮ್ಯಾಗಜೀನ್ ಒಳಗೆ ಎಣ್ಣೆ ಬೇಡವೇ ಬೇಡ. ಪಾಯಿಂಟ್ ಟೂ ಟೂ ಗುಂಡಿಗೆ ಮೊದಲೇ ಮೇಣದಂಥ ಲೇಪ ಇರುತ್ತದೆ, ಮಸಿಯೂ ಜಾಸ್ತಿ. ಎಣ್ಣೆ ಹೆಚ್ಚಾದರೆ ಇವೆಲ್ಲ ಸೇರಿ ಕಾಡಿಗೆಯ ಥರ ಅಂಟು ಕಟ್ಟಿಕೊಂಡು ಮತ್ತೆ ಶುರುವಿಗೆ ಬಂದ ಹಾಗಾಗುತ್ತದೆ. ಇನ್ನೊಂದು: ಚರ್ಮದ ಕವರಿನಲ್ಲಿ ಕೋವಿ ಇಡಬೇಡಿ, ನಮ್ಮ ಮಳೆಗಾಲದಲ್ಲಿ ಅದು ನೀರು ಹೀರಿಕೊಂಡು ಕೋವಿಗೇ ಕೊಡುತ್ತದೆ.

ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಹಾರಿಸಿದ್ದು ಅಜ್ಜನ ಒಂಟಿ ನಳಿಗೆಯೇ. ಅದು ಹಾಗೆಯೇ ಇರಬೇಕು ಅಂತ ನನ್ನ ಆಸೆ ಕೂಡ. ಹೊಸದು ಗೋಡೆಯ ಹತ್ತಿರ ಸುಮ್ಮನೆ ಒರಗಿತ್ತು. ಅದರ ಮರುವಾರದ ಅಭ್ಯಾಸದಲ್ಲಿ, ಅಷ್ಟೇ ಚಳಿಯ ಬೆಳಿಗ್ಗೆ, ಐವತ್ತಕ್ಕೆ ಐವತ್ತೂ ಹಾರಿದವು. ಖಾಲಿ ತೋಟಾಗಳು ಬಲಗಡೆ ಮೂರು ಮಾರು ದೂರದಲ್ಲಿ, ಒಂದು ಗೆರಸೆಯಲ್ಲಿ ಹಿಡಿಯಬಹುದಾದಷ್ಟು ಜಾಗದಲ್ಲಿ, ಒಟ್ಟಿಗೆ ಬಿದ್ದಿದ್ದವು. ಮೊದಲೆಲ್ಲ ಒಂದು ಕಾಲಿನ ಹತ್ತಿರ, ಒಂದು ಎಲ್ಲೋ ಪೊದೆಯಲ್ಲಿ. ಬೋಲ್ಟ್ ಪ್ರತಿ ಸಲವೂ ಒಂದೇ ವೇಗದಲ್ಲಿ ಓಡುತ್ತಿದ್ದರೆ ಮಾತ್ರ ಹೀಗೆ ಗುಂಪಾಗಿ ಬೀಳುವುದು. ನಾನು ಗುರಿಹಲಗೆ ನೋಡುವ ಮೊದಲು ಆ ಗುಂಪನ್ನೇ ಬಹಳ ಹೊತ್ತು ನೋಡುತ್ತಾ ಕೂತೆ. ಫೆಬ್ರವರಿಯ ಹೊತ್ತಿಗೆ ನಿಧಾನದ ತೋಟಾವೂ ತೊಂದರೆ ಇಲ್ಲದೆ ಓಡಲು ಶುರುವಾಯಿತು.

ಈ ವರ್ಷದ ಕೈಲ್‌ಪೊಳ್ದ್ ಬೆಳಿಗ್ಗೆ ನಡುಮನೆಯಲ್ಲಿ ಕೋವಿಗಳನ್ನು ಸಾಲಾಗಿ ಇಟ್ಟೆವು. ಅಜ್ಜನ ಒಂಟಿ ನಳಿಗೆ, ಅಪ್ಪನ ಜೋಡಿ ನಳಿಗೆ, ಒಡಿಕತ್ತಿ, ಪೀಚೆಕತ್ತಿ, ಕೊನೆಗೆ ನನ್ನದು. ಭಾವ ಬೇಲಿಯ ಹತ್ತಿರದಿಂದ ತೋಕ್‌ಪೂ ಅನ್ನುವ ಹೂ ತಂದಿದ್ದರು, ಒಂದೊಂದು ನಳಿಗೆಗೂ ಒಂದೊಂದು. ಅವ್ವ ಗಂಧದ ತಟ್ಟೆಯ ಜೊತೆ ತೆಂಗಿನೆಣ್ಣೆಯ ಬಟ್ಟಲನ್ನೂ ಹಿಡಿದು ಬಂದರು. ನನ್ನ ಕೋವಿಯ ಹತ್ತಿರ ನಿಂತು ನನ್ನ ಮುಖ ನೋಡಿದರು. ಮರದ ಹಿಡಿಗೆ ಹಚ್ಚಿ ಅವ್ವ, ಅಂದೆ. ಅವರು ಬೆರಳು ಅದ್ದಿ ಹಿಡಿಯ ಉದ್ದಕ್ಕೂ ಸವರಿದರು. ಮರ ಕೆಂಪಗೆ ಹೊಳೆಯಿತು. ಹೊರಗೆ ಮಾವನ ಜೀಪು ಬಂದ ಸದ್ದು ಕೇಳಿಸಿತು, ಪಂದ್ಯಕ್ಕೆ ಇನ್ನೂ ಎರಡು ಗಂಟೆ ಇತ್ತು.